ಒಂದು ರೂಪಾಯಿ ನೋಟಿನ ಮೇಲಿನ ತೈಲ ರಿಗ್

ಮದುವೆ ಮನೆಯಲ್ಲಿ ಮುಯ್ಯಿ ಮಾಡುವಾಗ ನೂರಕ್ಕೆ ಒಂದು, ಐನೂರಕ್ಕೆ ಒಂದು ಸೇರಿಸುವುದು ನಮ್ಮಲ್ಲಿ ರೂಢಿ. ಆ ಒಂದಕ್ಕೆ ನಾಣ್ಯಕ್ಕಿಂತ ನೋಟೇ ಲೇಸು ಎಂದು ನಂಬಿದ್ದ ನಮ್ಮಮ್ಮ, ಮಡಿಕೆ ಬೀಳದ ಒಂದು ರೂಪಾಯಿ ನೋಟುಗಳ ಸಣ್ಣ ಕಟ್ಟೊಂದನ್ನು ಟ್ರಂಕಿನಲ್ಲಿ ಜೋಪಾನ ಮಾಡಿ ಇಟ್ಟಿರುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಲಕೋಟೆಗೆ ಹಣ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗ ಆ ನೋಟಿನ ಹಿಂಬದಿಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಸಮುದ್ರದ ಮಧ್ಯೆ ಉದ್ದನೆಯ ಕಾಲುಗಳ ಮೇಲೆ ಏನೋ ನಿಂತಿತ್ತು. ಹಡಗೆನ್ನೋಣವೆಂದರೆ ಕಾಲುಗಳಿವೆ, ಕಟ್ಟಡವೆನ್ನೋಣವೆಂದರೆ ಕೆಳಗೆ ನೀರಿದೆ. ಅದು 'ಸಾಗರ್ ಸಾಮ್ರಾಟ್' ಎಂಬ ತೈಲ ಕೊರೆಯುವ ರಿಗ್ ಎಂದು ನನಗೆ ತಿಳಿದದ್ದು ಧಾರವಾಡದಲ್ಲಿ ಭೂವಿಜ್ಞಾನ ಓದಲು ಸೇರಿದ ಮೇಲೆ. ಒಂದು ದೇಶ ತನ್ನ ಅತ್ಯಂತ ಚಿಕ್ಕ ನೋಟಿನ ಮೇಲೆ ಒಂದು ಯಂತ್ರದ ಚಿತ್ರವನ್ನು ಅಚ್ಚು ಹಾಕಿಸಿತೆಂದರೆ, ಆ ಯಂತ್ರಕ್ಕಾಗಿ ಎಷ್ಟು ಕಾದಿರಬೇಕು ಎಂದು ಅಂದು ಅನ್ನಿಸಿತ್ತು. ಆ ಕಾಯುವಿಕೆಯ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಕಥೆ ಶುರುವಾಗುವುದು ಅಸ್ಸಾಮಿನ ಪೂರ್ವದ ತುದಿಯಲ್ಲಿ, ಮತ್ತು ಶುರುವಾಗುವುದೇ ಒಂದು ಬರಡು ಬಾವಿಯಿಂದ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ 1859ರಲ್ಲಿ ತೈಲ ಬಾವಿ ಕೊರೆದ ಏಳು ವರ್ಷಗಳಿಗೆ, 1866ರಲ್ಲಿ, ಕಲ್ಕತ್ತೆಯ ಮೆಕಿಲಪ್ ಸ್ಟುವರ್ಟ್ ಕಂಪನಿಯ ಗುಡ್‌ಇನಫ್ ಎಂಬವರು ಅಸ್ಸಾಮಿನದೇ ಆದ ಜೈಪುರದ ಬಳಿಯ ನಾಹೋರ್‌ಪುಂಗ್‌ನಲ್ಲಿ 102 ಅಡಿ ಆಳದವರೆಗೆ ತೋಡಿಸಿದರು. ಏನೂ ಸಿಗಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಮಾಕುಮ್‌ನಲ್ಲಿ 118 ಅಡಿಗೆ ತೈಲ ಜಿನುಗಿತಾದರೂ, ರಸ್ತೆಯೂ ರೈಲೂ ಇಲ್ಲದ ಆ ಕಾಡಿನಿಂದ ಅದನ್ನು ಸಾಗಿಸಿ ಮಾರುವುದು ಆಗದ ಮಾತಾಗಿತ್ತು. ಮುಂದೆ ಮಾರ್ಘೆರಿಟಾದ ಕಲ್ಲಿದ್ದಲಿಗಾಗಿ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ ಹಳಿ ಹಾಕಿದ ಮೇಲೆಯೇ ತೈಲದ ವಿಷಯಕ್ಕೆ ಮತ್ತೆ ಜೀವ ಬಂತು. ಮರದ ದಿಮ್ಮಿ ಎಳೆಯುತ್ತಿದ್ದ ಆನೆಯೊಂದರ ಕಾಲಿಗೆ ಕಪ್ಪು ಎಣ್ಣೆ ಮೆತ್ತಿದ್ದನ್ನು ಕಂಡು, ಅದರ ಹೆಜ್ಜೆಯ ಜಾಡು ಹಿಡಿದು ಹೋದವರಿಗೆ ತೈಲ ಸಿಕ್ಕಿತೆಂಬ ಕಥೆಯನ್ನು ಆ ಸೀಮೆಯವರು ಇಂದಿಗೂ ಹೇಳುತ್ತಾರೆ. ಅದು ದಂತಕಥೆ ಇರಬಹುದು. ಆದರೆ ನೆಲದ ಮೇಲೆ ತಾನಾಗಿ ಒಸರುವ ಎಣ್ಣೆಯನ್ನು ನೋಡಿಯೇ ಅಂದಿನವರು ಬಾವಿಯ ಜಾಗ ಗೊತ್ತುಮಾಡುತ್ತಿದ್ದರು ಎಂಬುದಂತೂ ನಿಜ.

ಡಿಗ್ಬಾಯ್‌ನ ಮೊದಲ ಬಾವಿಯನ್ನು 1889ರ ಸೆಪ್ಟೆಂಬರ್‌ನಲ್ಲಿ ಕೊರೆಯಲು ತೊಡಗಿದರು. ಅದು 662 ಅಡಿ ಮುಟ್ಟಿ ಮುಗಿದದ್ದು 1890ರ ನವೆಂಬರ್‌ನಲ್ಲಿ. ಇಂದಿನ ರಿಗ್ ಒಂದೆರಡು ದಿನಗಳಲ್ಲಿ ಇಳಿಯುವ ಆಳಕ್ಕೆ ಒಂದು ವರ್ಷದ ಮೇಲೆ ಹಿಡಿದಿತ್ತು. ಮಲೇರಿಯಾ, ಸುರಿಯುವ ಮಳೆ, ಮುರಿದ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಹಡಗಿನ ದಾರಿ ಕಾಯಬೇಕಾದ ಸ್ಥಿತಿ, ಇವೆಲ್ಲವೂ ಆ ಒಂದು ವರ್ಷದಲ್ಲಿ ಸೇರಿವೆ. 1899ರಲ್ಲಿ ಅಸ್ಸಾಂ ಆಯಿಲ್ ಕಂಪನಿ ಹುಟ್ಟಿತು. 1901ರ ಡಿಸೆಂಬರ್‌ನಲ್ಲಿ ಡಿಗ್ಬಾಯ್ ರಿಫೈನರಿ ಕೆಲಸ ಆರಂಭಿಸಿತು, ಇಂದಿಗೂ ನಡೆಯುತ್ತಿದೆ. 1921ರಲ್ಲಿ ಆಡಳಿತ ಬರ್ಮಾ ಆಯಿಲ್ ಕಂಪನಿಯ ಕೈಗೆ ಹೋಯಿತು. ಪಂಜಾಬಿನ ಖೌರ್‌ನಲ್ಲಿ ಸಿಕ್ಕಿದ್ದ ತೈಲ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಸೇರಿತು. ಹೀಗೆ ಸ್ವಾತಂತ್ರ್ಯ ಬಂದಾಗ ಭಾರತದ ಕೈಯಲ್ಲಿ ಉಳಿದದ್ದು ಡಿಗ್ಬಾಯ್ ಒಂದೇ, ಅದರ ವಾರ್ಷಿಕ ಉತ್ಪಾದನೆ ಸುಮಾರು 2.5 ಲಕ್ಷ ಟನ್. ನಮ್ಮ ಹಿರಿಯರು ಲಾಟೀನಿಗೆ ಹಾಕುತ್ತಿದ್ದ ಎಣ್ಣೆಗೆ 'ಸೀಮೆಎಣ್ಣೆ' ಎಂದೇ ಹೆಸರು. ಪರಸೀಮೆಯಿಂದ ಬಂದದ್ದೆಂಬ ಅರ್ಥ ಆ ಹೆಸರಿನಲ್ಲೇ ಕುಳಿತಿದೆ.

ಭಾರತದ ನೆಲದಲ್ಲಿ ಹೇಳಿಕೊಳ್ಳುವಷ್ಟು ತೈಲವಿಲ್ಲ ಎಂಬ ಮಾತು ಆಗ ವಿದೇಶಿ ಕಂಪನಿಗಳ ವಲಯದಲ್ಲಿ ಬಲವಾಗಿತ್ತು. ಬರ್ಮಾ ಶೆಲ್, ಸ್ಟ್ಯಾನ್‌ವ್ಯಾಕ್, ಕಾಲ್ಟೆಕ್ಸ್ ಕಂಪನಿಗಳು 1950ರ ದಶಕದಲ್ಲಿ ಟ್ರಾಂಬೆ ಮತ್ತು ವಿಶಾಖಪಟ್ಟಣದಲ್ಲಿ ರಿಫೈನರಿಗಳನ್ನು ಕಟ್ಟಿದವು. ಅಲ್ಲಿ ಕಾಯಿಸಲು ಬೇಕಾದ ಕಚ್ಚಾ ತೈಲ ಅರಬ್ ನಾಡುಗಳಿಂದ ಬರುತ್ತಿತ್ತು. ಹಾಗೆ ಬರುವುದರಲ್ಲಿ ಅವುಗಳಿಗೆ ಲಾಭವಿತ್ತು. ಅಸ್ಸಾಂ ಆಯಿಲ್ ಕಂಪನಿಗೆ 1953ರಲ್ಲಿ ನಾಹೋರ್‌ಕಟಿಯಾದಲ್ಲಿ ಒಳ್ಳೆಯ ನಿಕ್ಷೇಪ ದೊರೆತದ್ದು ನಿಜ. ಮುಂದೆ 1959ರಲ್ಲಿ ಆಯಿಲ್ ಇಂಡಿಯಾ ಸಂಸ್ಥೆ ರೂಪುಗೊಂಡದ್ದೂ ಆ ನಿಕ್ಷೇಪದ ಆಧಾರದ ಮೇಲೆಯೇ. ಅತ್ತ ಸರ್ಕಾರದೊಡನೆ ಪಾಲುದಾರಿಕೆ ಮಾಡಿಕೊಂಡು ಬಂಗಾಳದಲ್ಲಿ ಹುಡುಕಲು ಹೊರಟ ಸ್ಟ್ಯಾನ್‌ವ್ಯಾಕ್ ಕಂಪನಿ ಕೊರೆದ ಬಾವಿಗಳೆಲ್ಲವೂ ಬರಡಾದವು, ಕಂಪನಿ ಗಂಟುಮೂಟೆ ಕಟ್ಟಿತು. ಬಂಗಾಳದ ಈ ಬಾವಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಸನ್ನಿವೇಶದಲ್ಲಿ ನಾವೇ ಹುಡುಕೋಣ ಎಂದು ಹಟ ಹಿಡಿದವರು ಕೇಶವದೇವ ಮಾಳವೀಯ. ನೈಸರ್ಗಿಕ ಸಂಪನ್ಮೂಲಗಳ ಸಚಿವರಾಗಿದ್ದ ಅವರಿಗೆ ಹಣವೂ ಇರಲಿಲ್ಲ, ರಿಗ್‌ಗಳೂ ಇರಲಿಲ್ಲ, ತೈಲ ಶೋಧನೆಯಲ್ಲಿ ಪಳಗಿದ ಜನರೂ ಬೆರಳೆಣಿಕೆಯಷ್ಟು. 1955ರಲ್ಲಿ ಸಣ್ಣದೊಂದು ನಿರ್ದೇಶನಾಲಯವಾಗಿ ಆರಂಭವಾದದ್ದು 1956ರ ಆಗಸ್ಟ್ 14ರಂದು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವಾಯಿತು. ಡೆಹ್ರಾಡೂನ್ ಅದರ ಕೇಂದ್ರವಾಯಿತು. ನಮಗೆ ಇಂದು ಒಎನ್‌ಜಿಸಿ ಎಂದು ಪರಿಚಯವಿರುವುದು ಇದೇ. ಸೋವಿಯತ್ ಒಕ್ಕೂಟದಿಂದ ಬಂದ ಕಾಲಿನಿನ್ ನೇತೃತ್ವದ ತಜ್ಞರ ತಂಡ ದೇಶವನ್ನು ಸುತ್ತಿ, ತೈಲ ಸಿಗುವ ಸಂಭವವಿರುವ ಪ್ರದೇಶಗಳನ್ನು ಗುರುತಿಸಿ ವರದಿ ಕೊಟ್ಟಿತು. ಕಲಿಸಲು ಒಪ್ಪಿದ ಕಡೆಯಿಂದೆಲ್ಲ ಕಲಿಯುವುದು ಮಾಳವೀಯರ ದಾರಿಯಾಗಿತ್ತು. ಡೆಹ್ರಾಡೂನ್‌ನಲ್ಲಿ 1962ರಲ್ಲಿ ಆರಂಭವಾದ ಪೆಟ್ರೋಲಿಯಂ ಶೋಧನಾ ಸಂಸ್ಥೆಗೆ ಇಂದು ಅವರದೇ ಹೆಸರಿದೆ. ಅವರು ಬಿಟ್ಟುಹೋದ ಎಲ್ಲದರಲ್ಲಿ ಈ ಸಂಸ್ಥೆಯೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ತೈಲ ಒಂದು ದಿನ ಮುಗಿಯುತ್ತದೆ, ಕಲಿತ ಕೈಗಳು ಇನ್ನೊಂದು ತಲೆಮಾರಿಗೆ ಕಲಿಸುತ್ತವೆ.

ಆಯೋಗ ತನ್ನ ಮೊದಲ ಬಾವಿಗೆ ಆರಿಸಿಕೊಂಡ ಜಾಗ ಹಿಮಾಚಲದ ಕಾಂಗ್ರಾ ಸೀಮೆಯ ಜ್ವಾಲಾಮುಖಿ. ಅಲ್ಲಿನ ದೇವಿಯ ಗುಡಿಯಲ್ಲಿ ವಿಗ್ರಹವಿಲ್ಲ. ಬಂಡೆಯ ಸೀಳುಗಳಿಂದ ಹೊಮ್ಮುವ ಅನಿಲ ಉರಿಯುತ್ತಿರುತ್ತದೆ, ಆ ಜ್ವಾಲೆಗೇ ಪೂಜೆ. ಭಕ್ತರು ಶತಮಾನಗಳಿಂದ ಕೈಮುಗಿದ ಉರಿಯ ಮೂಲವನ್ನು ಭೂವಿಜ್ಞಾನಿಗಳು 1957ರಲ್ಲಿ ಹುಡುಕಿಕೊಂಡು ಹೋದರು. ಅನಿಲದ ಸುಳಿವು ಸಿಕ್ಕಿತು, ವ್ಯಾಪಾರಕ್ಕೆ ಸಾಲುವಷ್ಟು ಸಿಗಲಿಲ್ಲ. ಆದರೆ ಮರುವರ್ಷ, 1958ರ ಸೆಪ್ಟೆಂಬರ್‌ನಲ್ಲಿ, ಗುಜರಾತಿನ ಖಂಭಾತ್ ಬಳಿಯ ಲುಣೇಜ್‌ನಲ್ಲಿ ತೈಲ ಬಂತು. 1960ರ ಮೇ ತಿಂಗಳಲ್ಲಿ ಅಂಕಲೇಶ್ವರದಲ್ಲಿ ಸಿಕ್ಕ ನಿಕ್ಷೇಪ ಅದಕ್ಕಿಂತ ಬಹಳ ದೊಡ್ಡದು. ಅಲ್ಲಿನ ಮೊದಲ ಬಾವಿಗೆ ನೆಹರೂ 'ವಸುಧಾರಾ' ಎಂದು ಹೆಸರಿಟ್ಟರು. ಅಸ್ಸಾಮಿನ ಆಚೆಗೆ ಭಾರತದಲ್ಲಿ ತೈಲವಿಲ್ಲ ಎಂಬ ಮಾತು ಎರಡೇ ವರ್ಷಗಳಲ್ಲಿ ಬಿದ್ದುಹೋಯಿತು.

ಗುಜರಾತಿನ ಹೆಸರು ಬಂದಾಗಲೆಲ್ಲ ನನಗೆ ಮೆಹಸಾಣಾದ ಒಂದು ರಾತ್ರಿ ನೆನಪಾಗುತ್ತದೆ. ಎಂ.ಎಸ್ಸಿ. ಓದುವಾಗ ಎರಡು ವಾರಗಳ ತರಬೇತಿಗೆಂದು ಅಲ್ಲಿನ ಕೊರೆತದ ಸ್ಥಳವೊಂದಕ್ಕೆ ಹೋಗಿದ್ದೆ. ಜೀರಿಗೆ ಹೊಲಗಳ ನಡುವೆ ರಿಗ್ ನಿಂತಿತ್ತು, ಇರುಳಿನಲ್ಲಿ ತೇರಿನಂತೆ ದೀಪ ಹೊತ್ತು. ಬಾವಿಯೊಳಗೆ ತಿರುಗುವ, ಕಲ್ಲನ್ನು ಕೊರೆಯುವ ಮೊನೆಯಾದ ಬಿಟ್‌ಗೆ ಜೇಡಿಯ ನೀರನ್ನು ಪಂಪ್ ಮಾಡುತ್ತಲೇ ಇರಬೇಕು. ಅದನ್ನು ಅಲ್ಲಿ ಎಲ್ಲರೂ 'ಮಡ್' ಎನ್ನುತ್ತಾರೆ. ಆ ಮಡ್ ಮೇಲೆ ಬರುವಾಗ ಕೊರೆದ ಕಲ್ಲಿನ ಚೂರುಗಳನ್ನು ಹೊತ್ತು ತಂದು, ನಡುಗುವ ಜರಡಿಯೊಂದರ ಮೇಲೆ ಸುರಿಯುತ್ತದೆ. ಕೆಲವು ಮೀಟರ್‌ಗೊಮ್ಮೆ ಒಂದು ಹಿಡಿ ಚೂರು ತೆಗೆದು, ಅಕ್ಕಿ ತೊಳೆಯುವ ಹಾಗೆ ಮೂರು ನೀರಿನಲ್ಲಿ ತೊಳೆದು, ತಟ್ಟೆಯಲ್ಲಿ ಹರಡಿ, ಮೊದಲು ಸೂಕ್ಷ್ಮದರ್ಶಕದಲ್ಲಿ, ಆಮೇಲೆ ಕತ್ತಲೆ ಪೆಟ್ಟಿಗೆಯ ನೇರಳಾತೀತ ದೀಪದಡಿ ನೋಡುವುದು ಅಲ್ಲಿನ ಭೂವಿಜ್ಞಾನಿಯ ಕೆಲಸ. ತೈಲದ ಅಂಶವಿದ್ದರೆ ಮರಳಿನ ಕಣಗಳು ಹಳದಿಯಾಗಿ ಹೊಳೆಯುತ್ತವೆ. ಆ ರಾತ್ರಿ ನಾಲ್ಕರ ಹೊತ್ತಿಗೆ ನಿರೀಕ್ಷಿಸಿದ್ದ ಮರಳುಗಲ್ಲಿನ ಪದರ ಬಂತು. ಕಣ್ಣನ್ನು ಪೆಟ್ಟಿಗೆಯ ಕಿಂಡಿಗೆ ಒತ್ತಿ ಹಿಡಿದು ನೋಡಿದೆ. ಕತ್ತಲೆ. ಮತ್ತೊಂದು ತಟ್ಟೆ, ಮತ್ತೂ ಕತ್ತಲೆ. ಬೆಳಗಾಗುವ ಹೊತ್ತಿಗೆ ಆ ಪದರವನ್ನು ದಾಟಿಯಾಗಿತ್ತು.

ಅಲ್ಲಿದ್ದ ಹಿರಿಯ ಭೂವಿಜ್ಞಾನಿಯೊಬ್ಬರು ಏನೂ ಮಾತಾಡದೆ ಆ ಚೂರುಗಳನ್ನು ಒಣಗಿಸಿ, ಪುಟ್ಟ ಬಟ್ಟೆಯ ಚೀಲಗಳಲ್ಲಿ ತುಂಬಿ, ಒಂದೊಂದರ ಮೇಲೂ ಆಳ ಬರೆದು, ದಾರ ಕಟ್ಟಿ ಸಾಲಾಗಿ ಜೋಡಿಸಿದರು. ಏನೂ ಇಲ್ಲದ ಬಾವಿಯ ಕಲ್ಲಿಗೆ ಇಷ್ಟು ಆರೈಕೆ ಏಕೆ ಸರ್ ಎಂದು ಕೇಳಿದೆ. ಮುಂದೆ ಯಾರಾದರೂ ಬಂದು ಇವನ್ನೇ ಕೇಳುತ್ತಾರೆ, ಆಗ ಇಲ್ಲ ಎನ್ನಬಾರದು ಎಂದರು. ಹಾಗೆ ಕಟ್ಟಿಟ್ಟ ಚೀಲಗಳಲ್ಲಿ ನಮ್ಮ ದೇಶದ ತೈಲ ಶೋಧನೆಯ ಅರ್ಧ ಚರಿತ್ರೆ ಇದೆ ಎಂದು ನನಗೆ ಅನ್ನಿಸುತ್ತದೆ.

ನೆಲದ ನಂತರ ಸಮುದ್ರದ ಸರದಿ. 1960ರ ದಶಕದ ಮಧ್ಯಭಾಗದಲ್ಲಿ 'ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ' ಎಂಬ ಸೋವಿಯತ್ ಸರ್ವೇಕ್ಷಣಾ ಹಡಗು ಪಶ್ಚಿಮ ಕರಾವಳಿಯಾಚೆ ಕಂಪನ ಅಲೆಗಳನ್ನು ಬಿಟ್ಟು, ಕಡಲತಳದ ಕೆಳಗಿನ ಪದರಗಳಿಂದ ಮರಳಿ ಬಂದ ಪ್ರತಿಧ್ವನಿಗಳನ್ನು ದಾಖಲಿಸಿಕೊಂಡಿತು. ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ಮಗುಚಿದ ಬಾಣಲೆಯಂತೆ ಉಬ್ಬಿದ ದೊಡ್ಡ ರಚನೆಯೊಂದು ಇರುವುದು ಗೊತ್ತಾಯಿತು. ಅದೇ ಬಾಂಬೆ ಹೈ. ತೈಲ ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತ ಹೋಗಿ, ಇಂಥ ಉಬ್ಬಿನ ಅಡಿಯಲ್ಲಿ, ಮೇಲಿನ ಬಿಗಿಯಾದ ಪದರ ತಡೆದಲ್ಲಿ ನಿಲ್ಲುತ್ತದೆ. ಉಬ್ಬು ಇದ್ದಮಾತ್ರಕ್ಕೆ ಎಣ್ಣೆ ಇರುತ್ತದೆಂಬ ಖಾತರಿಯಿಲ್ಲ, ಕೊರೆದೇ ನೋಡಬೇಕು. ಕೊರೆಯಲು ಬೇಕಾದ ಸಾಧನ ನಮ್ಮಲ್ಲಿರಲಿಲ್ಲ. 1970ರ ಮಾರ್ಚ್‌ನಲ್ಲಿ ಖಂಭಾತ್ ಕೊಲ್ಲಿಯ ಆಲಿಯಾ ಬೇಟ್‌ನಲ್ಲಿ, ಭಾರೀ ಉಬ್ಬರವಿಳಿತದ ನೀರಿನಲ್ಲಿ, ನಮ್ಮವರು ಕಡಲ ಮೇಲಿನ ಮೊದಲ ಬಾವಿಗೆ ಕೈಹಾಕಿದರು. ಅದರಿಂದ ಉತ್ಪಾದನೆ ಸಾಧ್ಯವಾಗಲಿಲ್ಲ, ಆದರೆ ಸಮುದ್ರದ ಭಯ ಹೋಯಿತು.

ಜಪಾನಿನ ಹಿರೋಶಿಮಾದಲ್ಲಿ ಮಿತ್ಸುಬಿಷಿ ಕಂಪನಿ ಕಟ್ಟಿದ ಸಾಗರ್ ಸಾಮ್ರಾಟ್ 1973ರಲ್ಲಿ ನಮ್ಮ ಕೈಸೇರಿತು. ನೋಟಿನಲ್ಲಿ ನನ್ನನ್ನು ಕಾಡಿದ ಆ ಕಾಲುಗಳ ಗುಟ್ಟು ಇಷ್ಟೇ. ಪ್ರಯಾಣ ಮಾಡುವಾಗ ಕಾಲುಗಳು ಗೋಪುರಗಳಂತೆ ಆಕಾಶಕ್ಕೆ ಎದ್ದಿರುತ್ತವೆ. ಜಾಗ ತಲುಪಿದ ಮೇಲೆ ಅವನ್ನು ಕಡಲತಳಕ್ಕೆ ಇಳಿಸಿ ಊರುತ್ತಾರೆ, ಆಮೇಲೆ ಹಡಗಿನ ಒಡಲು ಅದೇ ಕಾಲುಗಳನ್ನು ಹಿಡಿದುಕೊಂಡು ಅಲೆಗಳಿಗೆ ಸಿಗದಷ್ಟು ಮೇಲಕ್ಕೆ ಏರಿ ನಿಲ್ಲುತ್ತದೆ. ಅದು ಬಾಂಬೆ ಹೈ ಕಡೆಗೆ ಹೊರಟ ಗಳಿಗೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1973ರ ಅಕ್ಟೋಬರ್‌ನ ಅರಬ್–ಇಸ್ರೇಲ್ ಯುದ್ಧದ ನಂತರ ಬ್ಯಾರೆಲ್ಲಿಗೆ ಮೂರು ಡಾಲರ್ ಆಸುಪಾಸಿನಲ್ಲಿದ್ದ ತೈಲದ ಬೆಲೆ 1974ರ ಜನವರಿಗೆ ಹನ್ನೊಂದು ಡಾಲರ್ ದಾಟಿತ್ತು, ನಮ್ಮ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗುತ್ತಿತ್ತು. ಅಂಥ ಹೊತ್ತಿನಲ್ಲಿ, 1974ರ ಫೆಬ್ರುವರಿಯಲ್ಲಿ, ಬಾಂಬೆ ಹೈನ ಮೊದಲ ಬಾವಿಯಲ್ಲೇ ಎಣ್ಣೆ ಸಿಕ್ಕಿತು. ಕಡಲತಳದ ಸುಣ್ಣಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅದು ತುಂಬಿಕೊಂಡಿತ್ತು. 1976ರ ಮೇ 21ರಂದು ಉತ್ಪಾದನೆ ಆರಂಭವಾಯಿತು. ಆವಿಷ್ಕಾರದಿಂದ ಉತ್ಪಾದನೆಗೆ ಬರೀ ಎರಡೂಕಾಲು ವರ್ಷ. ಸಮುದ್ರದ ಕೆಲಸ ಹೊಸದಾಗಿದ್ದ ದೇಶವೊಂದು ಇಷ್ಟು ವೇಗವಾಗಿ ದುಡಿದದ್ದನ್ನು ನಾವು ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು.

ಅದೇ ಸುಮಾರಿಗೆ ಪಕ್ಕದಲ್ಲೇ ವಸಯಿ ಅನಿಲ ನಿಕ್ಷೇಪವೂ ದೊರೆಯಿತು. 1984–85ರ ಹೊತ್ತಿಗೆ ದೇಶದ ಉತ್ಪಾದನೆ ಸುಮಾರು 2.9 ಕೋಟಿ ಟನ್‌ಗೆ ಏರಿ, ನಮ್ಮ ಅಗತ್ಯದ ಶೇ 70ರಷ್ಟನ್ನು ನಾವೇ ತೆಗೆಯುವಂತಾದೆವು. ಆಮೇಲಿನ ಕೆಲವು ವರ್ಷ ಆತುರಪಟ್ಟೆವು ಎಂದು ಹೇಳದೆ ವಿಧಿಯಿಲ್ಲ. ತೈಲ ತೆಗೆದಷ್ಟೂ ಭೂಗರ್ಭದ ಒತ್ತಡ ಇಳಿಯುತ್ತದೆ, ಅದನ್ನು ಕಾಪಾಡಲು ನೀರನ್ನು ಒಳಗೆ ತುಂಬುತ್ತಿರಬೇಕು. ಬಾಂಬೆ ಹೈನಲ್ಲಿ ಒತ್ತಡ ಕುಸಿದು ಹಲವು ಬಾವಿಗಳನ್ನು ಮುಚ್ಚಬೇಕಾಯಿತು. 1989–90ರಲ್ಲಿ 3.4 ಕೋಟಿ ಟನ್ ಇದ್ದ ದೇಶದ ಉತ್ಪಾದನೆ 1992–93ಕ್ಕೆ 2.7 ಕೋಟಿ ಟನ್‌ಗೆ ಜಾರಿತು.

ಈ ಕೆಲಸದ ಬೆಲೆಯನ್ನು ಟನ್ನುಗಳಲ್ಲಿ ಮಾತ್ರ ಅಳೆಯಲಾಗದು. 1995ರ ಜನವರಿಯಲ್ಲಿ ಗೋದಾವರಿ ಮುಖಜ ಪ್ರದೇಶದ ಪಾಸರ್ಲಪೂಡಿಯಲ್ಲಿ ಬಾವಿಯೊಂದು ಬ್ಲೋಔಟ್ ಆಗಿ, ಎಂದರೆ ಹತೋಟಿ ತಪ್ಪಿ ಅನಿಲ ಚಿಮ್ಮಿ, ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಯಿತು. 2020ರಲ್ಲಿ ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ಮೇ ತಿಂಗಳಲ್ಲಿ ಆದ ಬ್ಲೋಔಟ್ ಹತೋಟಿಗೆ ಬಂದದ್ದು ನವೆಂಬರ್‌ನಲ್ಲಿ. ಮಾಗುರಿ ಬೀಲ್ ಎಂಬ ಹಕ್ಕಿಗಳ ಕೆರೆಯ ಮೇಲೆ ಎಣ್ಣೆ ಹರಡಿತು, ಸುತ್ತಲಿನ ಹಳ್ಳಿಯವರು ಮನೆಮಠ ಬಿಟ್ಟು ಶಿಬಿರಗಳಲ್ಲಿ ಕುಳಿತರು. ನನ್ನನ್ನು ಹೆಚ್ಚು ಕಾಡುವುದು 2005ರ ಜುಲೈ 27. ಮುಂಬೈ ನಗರ ಮಹಾಮಳೆಯಲ್ಲಿ ಮುಳುಗಿದ್ದರ ಮರುದಿನ ಅದು. 'ಸಮುದ್ರ ಸುರಕ್ಷಾ' ಎಂಬ ಹಡಗಿನ ಅಡುಗೆಯವರೊಬ್ಬರ ಬೆರಳುಗಳಿಗೆ ಗಾಯವಾಗಿತ್ತು. ಕೆಟ್ಟ ಹವೆಯಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಚಿಕಿತ್ಸೆಗಾಗಿ ಅವರನ್ನು ಮುಂಬೈ ಹೈ (ಬಾಂಬೆ ಹೈನ ಈಗಿನ ಹೆಸರು) ಉತ್ತರದ, ಕಡಲ ಮೇಲಿನ ತೈಲ ವೇದಿಕೆಗೆ ಕ್ರೇನಿನ ಬುಟ್ಟಿಯಲ್ಲಿ ದಾಟಿಸಿದರು. ಅಲೆಗಳ ಹೊಡೆತಕ್ಕೆ ಹಡಗು ವೇದಿಕೆಯ ಅನಿಲ ಕೊಳವೆಗೆ ಬಡಿಯಿತು, ಸೋರಿದ ಅನಿಲ ಹೊತ್ತಿಕೊಂಡಿತು, ಎರಡು ಗಂಟೆಯೊಳಗೆ ಇಡೀ ವೇದಿಕೆ ಕಡಲಿಗೆ ಕುಸಿಯಿತು. 22 ಜನ ಹೋದರು. ಅಷ್ಟು ಬಿರುಗಾಳಿಯಲ್ಲೂ ಮುನ್ನೂರಕ್ಕೂ ಹೆಚ್ಚು ಜನರನ್ನು ಉಳಿಸಿದವರ ಹೆಸರುಗಳು ನಮಗಾರಿಗೂ ಗೊತ್ತಿಲ್ಲ.

1999ರಿಂದ ತೈಲ ಶೋಧನೆಯ ಹೊಸ ಪರವಾನಗಿ ನೀತಿಯಡಿ ಖಾಸಗಿ ಕಂಪನಿಗಳೂ ಹರಾಜಿನಲ್ಲಿ ಸರಿಸಮವಾಗಿ ಪಾಲ್ಗೊಂಡವು. 2002ರಲ್ಲಿ ಕೃಷ್ಣಾ–ಗೋದಾವರಿ ಆಳಸಮುದ್ರದಲ್ಲಿ ರಿಲಯನ್ಸ್‌ಗೆ ಸಿಕ್ಕ ಅನಿಲದ ಸುದ್ದಿ ದೇಶವನ್ನೇ ಕುಣಿಸಿತು. 2009ರ ಏಪ್ರಿಲ್‌ನಲ್ಲಿ ಅನಿಲ ಹರಿಯಿತು, 2010ರಲ್ಲಿ ಶಿಖರ ಮುಟ್ಟಿತು, 2013ರ ಹೊತ್ತಿಗೆ ಅದರ ಕಾಲುಭಾಗಕ್ಕಿಂತಲೂ ಕೆಳಗೆ ಇಳಿದಿತ್ತು. ಕಡಲಡಿಯ ಮರಳಿನ ಕಾಲುವೆಗಳು ಒಂದಕ್ಕೊಂದು ಎಷ್ಟರಮಟ್ಟಿಗೆ ಸೇರಿಕೊಂಡಿವೆ ಎಂಬುದನ್ನು ಮೇಲಿನಿಂದ ಊಹಿಸುವುದು ಎಷ್ಟು ಕಷ್ಟವೆಂದು ಅದು ಎಲ್ಲರಿಗೂ ತೋರಿಸಿತು. ರಾಜಸ್ಥಾನದ ಬಾರ್ಮೇರ್‌ನದು ಬೇರೆ ಕಥೆ. ಶೆಲ್ ಕೈಬಿಟ್ಟ ಪ್ರದೇಶದಲ್ಲಿ ಹಲವು ಬಾವಿಗಳ ನಿರಾಶೆಯನ್ನು ಸಹಿಸಿದ ಕೈರ್ನ್ ಕಂಪನಿಗೆ 2004ರ ಜನವರಿಯಲ್ಲಿ 'ಮಂಗಳಾ' ದೊರೆಯಿತು. ಮಾಗಿಯ ಚಳಿಯಲ್ಲಿ ಸೀಸೆಯೊಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ, ಮೇಣದ ಅಂಶ ಹೆಚ್ಚಿರುವ ಮಂಗಳಾದ ತೈಲ ಬೇಸಿಗೆಯ ತಂಪು ಹೊತ್ತಿನಲ್ಲೇ ಹಾಗಾಗುತ್ತದೆ. ಅದನ್ನು ಗುಜರಾತಿನ ಕರಾವಳಿಗೆ ಮುಟ್ಟಿಸಲು ಸುಮಾರು 670 ಕಿ.ಮೀ. ಉದ್ದಕ್ಕೂ ಬಿಸಿಯಾಗಿಡುವ ಕೊಳವೆಮಾರ್ಗ ಹಾಕಬೇಕಾಯಿತು.

ಇಷ್ಟಾಗಿಯೂ 2011–12ರಲ್ಲಿ 3.8 ಕೋಟಿ ಟನ್ ಮುಟ್ಟಿದ್ದ ಉತ್ಪಾದನೆ 2023–24ರಲ್ಲಿ ಮತ್ತೆ 2.9 ಕೋಟಿ ಟನ್ನಿನ ಆಸುಪಾಸಿಗೆ ಬಂದಿದೆ. ನಾಲ್ಕು ದಶಕಗಳ ಹಿಂದೆ ಇದ್ದಲ್ಲೇ ಇದ್ದೇವೆ. ಬೇಡಿಕೆ ಹಲವು ಪಟ್ಟು ಬೆಳೆದು, ಶೇ 85ಕ್ಕೂ ಹೆಚ್ಚು ಕಚ್ಚಾ ತೈಲ ಹೊರಗಿನಿಂದ ಬರುತ್ತಿದೆ. ದೇಶದಲ್ಲಿ 26 ಸಂಚಿತ ಶಿಲಾ ಪ್ರದೇಶಗಳಿವೆ, ಎಂದರೆ ಮರಳು, ಕೆಸರು ಪದರಪದರವಾಗಿ ಕೂತು ಕಲ್ಲಾದ ಜಾಗಗಳು. ಅವುಗಳಲ್ಲಿ ಅನೇಕವನ್ನು ನಾವು ಇನ್ನೂ ಸರಿಯಾಗಿ ತಟ್ಟಿ ನೋಡಿಲ್ಲ ಎಂಬುದು ನನ್ನ ದೂರು. ಬಂಗಾಳದ ಬಾವಿಗಳನ್ನು ನೆನಪಿಡಲು ಹೇಳಿದ್ದೆನಲ್ಲ. ಸ್ಟ್ಯಾನ್‌ವ್ಯಾಕ್ ಬರಿಗೈಲಿ ಹೊರಟುಹೋದ ಅದೇ ಬಂಗಾಳದಲ್ಲಿ, ಕಲ್ಕತ್ತೆಯಿಂದ ದೂರವಲ್ಲದ ಅಶೋಕನಗರದಲ್ಲಿ, ಆರು ದಶಕಗಳ ನಂತರ ಒಎನ್‌ಜಿಸಿಗೆ ತೈಲ ಸಿಕ್ಕಿತು. 2020ರ ಡಿಸೆಂಬರ್‌ನಲ್ಲಿ ಉತ್ಪಾದನೆ ಶುರುವಾಯಿತು.

ನಾನು ಭೂವಿಜ್ಞಾನ ಪಾಠ ಮಾಡುವ ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬರಾದರೂ ನಮ್ಮ ಕರ್ನಾಟಕದಲ್ಲಿ ತೈಲ ಏಕೆ ಸಿಗುವುದಿಲ್ಲ ಸರ್ ಎಂದು ಕೇಳುತ್ತಾರೆ. ಲಾಲ್‌ಬಾಗಿನ ಬಂಡೆಯನ್ನು ಉದಾಹರಿಸುತ್ತೇನೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ತೈಲಕ್ಕೆ ಬೇಕಾದದ್ದು ಹಳೆಯ ಕಡಲುಗಳ ಕೆಸರಿನಲ್ಲಿ ಹೂತುಹೋದ ಜೀವರಾಶಿ, ಅದನ್ನು ಹದವಾಗಿ ಬೇಯಿಸುವ ಶಾಖ, ಹೀರಿ ಹಿಡಿಯುವ ರಂಧ್ರಗಳುಳ್ಳ ಕಲ್ಲು. ಭೂಗರ್ಭದ ಶಾಖ, ಒತ್ತಡಗಳಲ್ಲಿ ರೂಪಾಂತರಗೊಂಡು ಗಟ್ಟಿಯಾದ ನಮ್ಮ ನೈಸ್ ಶಿಲೆಗೆ ಇದಾವುದೂ ಇಲ್ಲ. ಉತ್ತರದ ಜಿಲ್ಲೆಗಳನ್ನು ಮುಚ್ಚಿರುವ ಕಪ್ಪುಕಲ್ಲು ಲಾವಾದಿಂದ ಆದದ್ದು. ಕರಾವಳಿಯಾಚೆಯ ಕೇರಳ–ಕೊಂಕಣ ಪ್ರದೇಶದಲ್ಲಿ ಕೊರೆದ ಬಾವಿಗಳಿಂದಲೂ ವ್ಯಾಪಾರಕ್ಕೆ ಒದಗುವಂಥದ್ದು ಬರಲಿಲ್ಲ.

ಕಳೆದ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಉಡುಪಿ ಜಿಲ್ಲೆಯ ಪಾದೂರಿನ ರಸ್ತೆಯಲ್ಲಿ ಹೋಗುವಾಗ ಬಸ್ಸು ನಿಲ್ಲಿಸಿದೆ. ಬೇಲಿಯಾಚೆ ನೋಡಲು ವಿಶೇಷವೇನೂ ಇಲ್ಲ. ಕೆಳಗೆ, ಅದೇ ಬಗೆಯ ಗಟ್ಟಿ ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ, ದೇಶದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾ ತೈಲ ಇಡಬಹುದು. ಮಂಗಳೂರಿನಲ್ಲಿ ಇನ್ನೂ 15 ಲಕ್ಷ ಟನ್ನಿಗೆ ಜಾಗವಿದೆ, ಅಲ್ಲಿಗೆ 2018ರಲ್ಲಿ ಅಬುಧಾಬಿಯ ತೈಲವೂ ಬಂತು. ಗುಹೆಗಳ ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನ ಒತ್ತಡವೇ ಎಣ್ಣೆ ಹೊರಗೆ ಹೋಗದಂತೆ ತಡೆಹಿಡಿಯುತ್ತದೆ ಎಂದು ಹೇಳಿದೆ. ಹುಡುಗಿಯೊಬ್ಬಳು ರಸ್ತೆ ಬದಿಯ ಬಂಡೆಯ ಮೇಲೆ ಬಾಟಲಿಯಿಂದ ಸ್ವಲ್ಪ ನೀರು ಸುರಿದು, ಅದು ಇಂಗದೆ ಹರಿದುಹೋಗುವುದನ್ನು ಬಗ್ಗಿ ನೋಡುತ್ತಾ ನಿಂತಳು.